ತೊಂಬತ್ತೆಂಟು ಡಿಗ್ರಿ

ಕುಮಾಸಿಯಲ್ಲಿ ನಡುರಾತ್ರಿ. ಕರೆಂಟು ಹೋಗಿ ಬಂದು
ಫ್ಯಾನು ಇನ್ನೂ ತಿರುಗಲೋ ಬೇಡವೋ ಎನ್ನುತ್ತಿದೆ.
ಅಫ್ರಿಯೆಯ ಮೇಜಿನ ಮೇಲೆ ಲ್ಯಾಪ್‌ಟಾಪು,
ದೋಸೆಯಷ್ಟು ತೆಳು, ಕಾವಲಿಯಷ್ಟು ಬಿಸಿ.

ಅಂಗಡಿಯವನು ಎರಡೇ ಬೆರಳಲ್ಲಿ ಎತ್ತಿ ತೋರಿಸಿದ್ದ:
ನೋಡು, ಹಗುರ. ಒಳಗೆ ಎಂಟು ಆನೆಗಳ ಬಲ.
ಆನೆಗಳು ಉಸಿರಾಡುವುದೆಲ್ಲಿ ಎಂದು
ಇವನೂ ಕೇಳಲಿಲ್ಲ.
ಹಾಸಿಗೆ ಇದ್ದಷ್ಟೇ ಕಾಲು ಚಾಚು ಎಂಬ ಮಾತು
ಡಬ್ಬದ ಮೇಲೆ ಅಚ್ಚಾಗಿರಲಿಲ್ಲ.

ಬೆಳಗಾದರೆ ಶನಿವಾರ. ಅಜ್ಜಿ ನ್ಯಾರ್ಕೊಳ ಅಂತ್ಯಕ್ರಿಯೆಗೆ
ದೊಡ್ಡ ಪರದೆಯ ಮೇಲೆ ಹನ್ನೆರಡು ನಿಮಿಷದ ಬದುಕು ಬೇಕು.
ಶೇಕಡಾ ನಲವತ್ತೊಂದು. ಅಲ್ಲೇ ನಿಂತಿದೆ.

ಮೊದಲು ಅಡಿಗೆ ನಾಲ್ಕು ಬಾಟಲಿ ಮುಚ್ಚಳ ಇಟ್ಟ.
ಆಮೇಲೆ ಫ್ರಿಜ್ಜಿನಿಂದ ಕಲ್ಲಾದ ನೀರಿನ ಪೊಟ್ಟಣ,
ಅದರ ಮೇಲೆ ಸ್ಟೀಲು ತಟ್ಟೆ, ತಟ್ಟೆಯ ಮೇಲೆ ಇದು,
ಬೈಯುತ್ತ, ಟ್ವಿ ಭಾಷೆಯಲ್ಲಿ, ಮೆತ್ತಗೆ.

ಬೈಗುಳಕ್ಕೆ ಬಗ್ಗುವುದಲ್ಲ ಅದು. ತನ್ನ ಜೀವ ತಾನು ಕಾಯುತ್ತ
ಓಟ ಬಿಟ್ಟು ನಡಿಗೆ, ನಡಿಗೆ ಬಿಟ್ಟು ತೆವಳು.
ಪರದೆಯೊಳಗೆ ಅಜ್ಜಿ ಬಟ್ಟೆಯಂಗಡಿಯ ಬಾಗಿಲು ತೆರೆಯುತ್ತಾಳೆ
ಒಂದೊಂದೇ ಚೌಕಟ್ಟು:
ಕೈ.
ಚಿಲಕ.
ಬಾಗಿಲಿಗೊರಗಿ ಒಂದು ಉಸಿರು.

ಮುಗಿಯಿತೇ ಎನ್ನುತ್ತ ಬಂದ ಮೊಮ್ಮಗಳು ಡುಫಿ,
ಹೆಗಲ ಮೇಲೆ ನಾಳೆಯ ಕಪ್ಪು ಬಟ್ಟೆ,
ಕುರ್ಚಿ ಎಳೆದು ಕೂತಳು. ಬಹಳ ಹೊತ್ತು ನೋಡಿದಳು.
“ಕೊನೆಕೊನೆಗೆ ಹೀಗೇ ನಡೆಯುತ್ತಿದ್ದಳು.
ನಾವು ಬೈಯುತ್ತಿದ್ದೆವು.”

ಪೊಟ್ಟಣ ಬೆವರಿ ಮೇಜಿನ ಅಂಚಿಂದ ತೊಟ್ಟಿಕ್ಕುತ್ತಿದೆ.
ನಲವತ್ತೆರಡು.