ಮೂವತ್ತಾರನೆಯ ಎಳೆ

ಬೇರಿನ ತುದಿ ಕೊಯ್ಯುವುದಕ್ಕೆ ಹೊತ್ತು ಉಂಟು:
ನಿಜ್ವಾದ ಕೋಟೆಗೋಡೆ ಇನ್ನೂ ಕಾಯದಿರುವಾಗ.
ಆಗ ಕೋಶಗಳಿಗೆ ಒಂದು ಎರಡಾಗುವ ಗಡಿಬಿಡಿ.
ಅರ್ಧ ಆದದ್ದನ್ನು ಮದ್ದು ಹಾಕಿ ತಡೆದು
ಗಾಜಿನ ಮೇಲೊಂದು ಗಾಜು ಹೊದಿಸಿ
ಹೆಬ್ಬೆರಳಿಂದ ಒತ್ತುತ್ತೇನೆ.
ಹಪ್ಪಳದ ಉಂಡೆಗೆ ಒತ್ತುವಷ್ಟಲ್ಲ,
ಮಲಗಿದ ಮಗುವಿನ ಹಣೆ ಮುಟ್ಟುವಷ್ಟೂ ಅಲ್ಲ,
ನಡುವೆ ಎಲ್ಲೋ.

ವರ್ಣತಂತು ಎಂದು ಕನ್ನಡದಲ್ಲಿ ಹೆಸರು.
ತಂತುವಿಗೆ ಅದರದೇ ವರ್ಣವಿಲ್ಲ,
ಕೆಂಪು ನಾನು ಕುಡಿಸಿದ್ದು.
ಆ ಕೆಂಪು ಬೆರಳಿಗೆ ಹತ್ತಿ, ಗೇಟಿನ ಹಾಜರಿ ಯಂತ್ರ
ಮೂರು ದಿನದಿಂದ ನನ್ನನ್ನು ಗುರುತಿಸುತ್ತಿಲ್ಲ.

ಮುದುಕ ಮುಹನ್ನಾ ತಂದ ಖರ್ಜೂರದ ಸಸಿ ಇದು.
ಕಂದು ಕಿತ್ತು ನೆಟ್ಟದ್ದಲ್ಲ. ಕಂದಾದರೆ ತಾಯಿಯಂತೆಯೇ,
ಕೇಳಬೇಕಾದ್ದೇ ಇಲ್ಲ.
ಅವನ ಹೆಂಡತಿ ಝುವೈನಾ
ಕಾಲುವೆಯ ಕಟ್ಟೆಯಲ್ಲಿ ಕೂತು ಉಗಿದ ಬೀಜ.
ಆ ಕಾಲುವೆಗೆ ಇಲ್ಲಿ ಫಲಜ್ ಅನ್ನುತ್ತಾರೆ;
ಫಲದಿಂದ ಜನಿಸಿದ್ದು ಎಂದು
ವಿಗ್ರಹವಾಕ್ಯ ಹೇಳಿಕೊಂಡೆ ಒಳಗೇ.
ಉಗಿದ ಮೇಲೆ ಎರಡು ಕೊಯ್ಲು ಬದುಕಿದ್ದಳಂತೆ.
ಗಂಡೋ ಹೆಣ್ಣೋ ತಿಳಿಯುವುದು ಹೂ ಬಿಟ್ಟಾಗ,
ಇನ್ನೂ ಐದಾರು ವರ್ಷ.
"ನನಗೆ ಎಂಬತ್ತೆರಡು" ಎಂದ.
ಅಷ್ಟೇ ಅರ್ಜಿ.

ಪಟ ತೆಗೆದು, ಕತ್ತರಿಸಿ
ಮೇಜಿನ ಮೇಲೆ ಸಾಲು ನಿಲ್ಲಿಸಿದೆ, ಉದ್ದದವು ಮೊದಲು.
ಸೊಂಟ ಎಲ್ಲಿ, ಮೇಲಿನ ತೋಳು ಎಷ್ಟು,
ಯಾವುದರ ತಲೆಗೆ ಸಣ್ಣ ಜುಟ್ಟು,
ನೋಡಿ ನೋಡಿ ಜೊತೆಗೂಡಿಸಿದ್ದು ಹದಿನೇಳು ಜೋಡಿ.
ಹದಿನೆಂಟನೆಯದು ಒಂಟಿ.
ಮೂವತ್ತೈದು.
ಮತ್ತೆ ಎಣಿಸಿದೆ. ಮೂವತ್ತೈದು.
ಒತ್ತಿದ್ದು ಹೆಚ್ಚಾಯಿತೇ, ಗಾಜಿನ ಅಂಚಿಂದ ಜಾರಿತೇ?

ರಾತ್ರಿ ಹತ್ತೂವರೆಗೆ
ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿರುವಾಗ ಸಿಕ್ಕಿತು:
ಪಕ್ಕದ ಕೋಶದ ಗುಂಪಿಗೆ ಒರಗಿಕೊಂಡು,
ಚಪ್ಪಲಿ ಬಿಟ್ಟು ನೆರೆಮನೆಯ ಜಗಲಿಯಲ್ಲಿ ಕೂತವರ ಹಾಗೆ.
ಗಿಡ್ಡ. ಜೊತೆಯದಕ್ಕಿಂತ
ಒಂದು ಕೂದಲೆಳೆ ಗಿಡ್ಡ.
ಹೋಲದ ಜೋಡಿ.
ಗಂಡು.

ಮರುದಿನ ಹೇಳಿದೆ, ಇದು ಹಣ್ಣು ಬಿಡುವುದಿಲ್ಲ ಎಂದು.
ಮುಂಡಾಸು ಹಿಂದೆ ಸರಿಸಿ ಮಸೂರಕ್ಕೆ ಕಣ್ಣಿಟ್ಟ,
ತುಂಬ ಹೊತ್ತು. ಆಮೇಲೆ
"ಅವಳ ಹಲ್ಲಿನ ಗುರುತು ಇದರಲ್ಲಿ ಎಲ್ಲಿ?"
ಅದಕ್ಕೆ ಬಣ್ಣ ಹಿಡಿಯುವುದಿಲ್ಲ ಎನ್ನಲು
ನನ್ನ ಅರಬಿ ಸಾಲಲಿಲ್ಲ.

ಸಸಿಯನ್ನು ಪಿಕಪ್ಪಿನ ಮುಂದಿನ ಸೀಟಲ್ಲಿ ಕೂರಿಸಿ
ಬೆಲ್ಟು ಹಾಕಿದ.
ಅವನ ಪಾಲಿಗೆ ಬರುವುದು
ವಾರಕ್ಕೆ ಅರ್ಧ ಗಂಟೆಯ ನೀರು.
"ಗಂಡಿಗೇನು ಬಾಯಾರುವುದಿಲ್ಲವೇ?" ಎಂದ.
ಒಂಬತ್ತಕ್ಕೆ ಅವನ ಸರದಿ,
ಹೊರಟ.