ಬಿಳಿ ಯಾವುದೆಂದು

ಮೊದಲು ಕ್ಯಾಮೆರಾಗೆ ಬಿಳಿ ತೋರಿಸಬೇಕು,
ಅದಕ್ಕೆ ತಾನಾಗಿ ಏನೂ ಗೊತ್ತಿಲ್ಲ, ಅಂದರು
ಗಂಗೋತ್ರಿಯ ಸ್ಟುಡಿಯೋದಲ್ಲಿ ಪುಟ್ಟಮಾದಯ್ಯ,
ಚಪ್ಪಲಿ ಹೊರಗೆ ಬಿಡಿಸಿ, ಹನ್ನೊಂದು ಜನರನ್ನು
ಒಂದೇ ಕ್ಯಾಮೆರಾದ ಸುತ್ತ ನಿಲ್ಲಿಸಿ.
ಬಿಳಿ ಹಾಳೆ ಹಿಡಿದು, ಗುಂಡಿ ಒತ್ತಿ,
'ಇದು ಬಿಳಿ' ಅಂತ ಒಪ್ಪಿಸಿದರೆ
ಮಿಕ್ಕ ಬಣ್ಣವೆಲ್ಲ ತಂತಮ್ಮ ಜಾಗಕ್ಕೆ ಬಂದು ಕೂರುತ್ತವೆ.
ಸುಳ್ಳು ಬಿಳಿ ತೋರಿಸಿದಿರೋ,
ಮದುಮಗಳೂ ನೀಲಿ.

ಇನ್ನೊಂದು ಹೇಳಿಕೊಟ್ಟರು:
ಕ್ಯಾಮೆರಾದ ಮೂಗಿನ ಮೇಲೊಂದು ಕೆಂಪು ದೀಪ,
ಹತ್ತಿದ್ದು ಕಂಡರೆ ಜನ ಮರಗಟ್ಟುತ್ತಾರೆ,
ಕಪ್ಪು ಟೇಪು ಅಂಟಿಸಿಬಿಡಿ.
ನೋಟ್ಸಿನಲ್ಲಿ ಬರೆದುಕೊಂಡೆ. ಅಡಿಗೆರೆ ಎಳೆದೆ.

*

ಎರಡನೇ ಸೆಮಿಸ್ಟರು. ಹತ್ತು ನಿಮಿಷದ ಸಾಕ್ಷ್ಯಚಿತ್ರ.
ರಿಜಿಸ್ಟರಿಗೆ ಸಹಿ ಹಾಕಿ, ಗುರುತಿನ ಚೀಟಿ ಒತ್ತೆಯಿಟ್ಟು,
ಟ್ರೈಪಾಡನ್ನು ತೊಡೆಮೇಲೆ ಮಲಗಿಸಿಕೊಂಡು
ಫರ್ಹೀನ್ ಮತ್ತು ನಾನು ಪಾಂಡವಪುರದ ಬಸ್ಸಿನಲ್ಲಿ.
ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ಟು ಹರಿದ.

ಆಲೆಮನೆಯಲ್ಲಿ ಎಲ್ಲವೂ ಹಳದಿ.
ಹೊಗೆ, ರಚ್ಚಿನ ರಾಶಿ, ಕೊಪ್ಪರಿಗೆಯ ನೊರೆ,
ತಗಡಿನ ತೂತಿನಿಂದ ಇಳಿದ ಬಿಸಿಲ ಕೋಲು ಕೂಡ.
ಬಿಳಿ ಹಾಳೆ ಬಸ್ಸಿನಲ್ಲೇ ಉಳಿದಿತ್ತು.
ಅಣ್ಣಾ, ನಿಮ್ಮ ಬನೀನಿಗೆ ಕ್ಯಾಮೆರಾ ಹಿಡೀಲಾ, ಅಂದೆ.
ಬೋರಲಿಂಗಣ್ಣ ತನ್ನೆದೆಯನ್ನೇ ಬಗ್ಗಿ ನೋಡಿಕೊಂಡ:
'ಇದು ಬಿಳೀದು ಅಂತ ಯಾರವ್ವ ನಿಂಗೇಳಿದ್ದು?
ಕೊಂಡಾಗ ಇತ್ತು. ನಿಜ.'

ಗುಂಡಿ ಒತ್ತಿದೆ. ಕ್ಯಾಮೆರಾ ನಂಬಿತು.
ಆ ದಿನದ ಚಿತ್ರಗಳಲ್ಲಿ ಬೆಂಕಿಗೂ ತುಸು ಶೀತ.

*

ಹದ ಬರುವ ಹೊತ್ತಿಗೆ ಮಾತು ನಿಂತಿತು.
ಬೋರಲಿಂಗಣ್ಣ ಸೂರಿನ ಸಂದಿಯಿಂದ ಒಂದು ಡಬ್ಬಿ ತೆಗೆದ.
ಚಿಟಿಕೆಯಲ್ಲ, ಹಿಡಿ. ಪುಡಿ ಬಿದ್ದಲ್ಲಿ
ಕಂದು ಪಾಕ ಒಮ್ಮೆ ಬೆಚ್ಚಿ ಬೆಳ್ಳಗಾಯಿತು.
'ಇದೊಂದ್ ತಗೀಬ್ಯಾಡ ಕನವ್ವ.
ಮಂಡ್ಯದ ಮಾರ್ಕೆಟ್ನಾಗೆ ಬೆಳ್ಳಗಿದ್ರೇನೆ ರೇಟು.
ಕರೀದು ಅಂದ್ರೆ ಮೂಸೂ ನೋಡಕಿಲ್ಲ.'
ಇಲ್ಲಣ್ಣ, ಅಂದೆ.
ಟೇಪಿನ ಕೆಳಗೆ ಕೆಂಪು ದೀಪ ಉರಿಯುತ್ತಿತ್ತು.

ಹೊರಡುವಾಗ ಪೇಪರಿನಲ್ಲಿ ಸುತ್ತಿ ಎರಡಚ್ಚು ಕೊಟ್ಟ,
ಮನೆಮಂದಿಗೆ ಅಂತ ಬೇರೆ ಕಾಯಿಸಿದ್ದು,
ಹುಣಸೆಬೀಜದ ಬಣ್ಣ.
ಕ್ಯಾಮೆರಾ ಬ್ಯಾಗಿಗೆ ತುರುಕಿದೆ. ಮರೆತೆ.

*

ಎಡಿಟಿಂಗ್ ಕೋಣೆ. ಎಸಿಯ ಚಳಿ. ರಾತ್ರಿ ಒಂಬತ್ತು.
ನಾಲ್ಕು ಸೆಕೆಂಡು: ಕೈ, ಡಬ್ಬಿ, ಪುಡಿ, ಬೆಚ್ಚಿದ ಪಾಕ.
ಅಷ್ಟೂ ಫೋಕಸ್ಸಿನಲ್ಲಿ. ಈವರೆಗೆ ತೆಗೆದದ್ದರಲ್ಲಿ
ಕೈ ನಡುಗದ ಶಾಟು ಅದೊಂದೇ.
'ಇದೇ ನಿನ್ನ ಫಿಲ್ಮು ಕಣೇ' ಅಂದಳು ಫರ್ಹೀನ್,
'ತಿನ್ನುವವರಿಗೆ ಗೊತ್ತಾಗಬೇಡವಾ?'
ಗೊತ್ತಾಗಬೇಕು.
ಮುಖಕ್ಕೆ ಮರೆ ಹಾಕು ಅಂದಳು. ಹಾಕಿದೆ.
ಗಾಣ ಕಚ್ಚಿದ ಮೊಂಡು ಬೆರಳು, ಊರಿಗೆಲ್ಲ ಗುರುತು.
ಬೆರಳಿಗೂ ಮರೆ ಹಾಕಿದರೆ ಉಳಿಯುವುದು ಹೊಗೆ.

ಮುಂದೆ, ಹಿಂದೆ. ಮುಂದೆ, ಹಿಂದೆ.
ಹಿಂದೆ ಓಡಿಸಿದಾಗೆಲ್ಲ ಪುಡಿ ಮುಷ್ಟಿಗೆ ಹಾರಿ
ಮುಷ್ಟಿ ಡಬ್ಬಿಗೆ ಮರಳಿ
ಪಾಕ ಮತ್ತೆ ಕಂದಾಗುತ್ತಿತ್ತು.
ಸೆಕ್ಯುರಿಟಿಯವರು ಬೀಗದ ಗೊಂಚಲು ಅಲ್ಲಾಡಿಸಿದರು.

ಕೊನೆಗೆ ಆ ನಾಲ್ಕು ಸೆಕೆಂಡಿಗೆ ಕಪ್ಪು ಇಟ್ಟೆ.
ಕುದಿಯುವ ಸದ್ದು ಮಾತ್ರ ಬಿಟ್ಟೆ.

*

ಹೊರಗಿನ ಪರೀಕ್ಷಕರು ಕನ್ನಡಕ ಏರಿಸಿ ಕೇಳಿದರು:
ನಡುವೆ ಚಿತ್ರ ಹೋಯಿತಲ್ಲ, ತಾಂತ್ರಿಕ ದೋಷವೋ?
ಹೌದು ಸರ್, ಅಂದೆ.
ಅದಕ್ಕೆ ಮೂರು ಅಂಕ ಹೋಯಿತು.
ಬಿಳಿ ಸರಿಯಾಗಿ ಹಿಡಿದಿಲ್ಲ ಅಂತ ಮತ್ತೆರಡು.
ಆ ಎರಡಕ್ಕೆ ವಾದ ಮಾಡಬಹುದಿತ್ತು:
ಕೊಂಡಾಗ ಇತ್ತು ಸರ್. ನಿಜ.

ಮುಂದಿನ ಬ್ಯಾಚಿನವರು ಬ್ಯಾಗಿನ ಜಿಪ್ಪು ಎಳೆದಾಗ
ಲೆನ್ಸಿನ ಸುತ್ತ ಶಿಸ್ತಾಗಿ ಸಾಲು ಹೊರಟಿತ್ತಂತೆ.
ಪುಟ್ಟಮಾದಯ್ಯ ಊದಿ, ಒರೆಸಿ,
ರಿಜಿಸ್ಟರಿನಲ್ಲಿ ನನ್ನ ಸಹಿಯ ಪಕ್ಕ
ದುಂಡಗೆ ಬರೆದಿದ್ದಾರೆ:
'ಬ್ಯಾಗಿನಲ್ಲಿ ಇರುವೆ. ಕಾರಣ ತಿಳಿಯದು.'