ಕಸಗೊ ದ್ವೀಪದ ಅಳತೆ

ಸುತ್ತಳತೆ ನಾಲ್ಕು ಕಿಲೋಮೀಟರಿಗೆ ಒಂದು ಕೂಗಳತೆ ಕಡಿಮೆ.
ಅದೂ ಇಳಿತದ ಹೊತ್ತಿನ ಲೆಕ್ಕ; ಭರತ ಬಂದರೆ
ತೆಂಕಣ ಕಾಲ್ಬೆರಳುಗಳನ್ನು ಒಳಗೆಳೆದುಕೊಂಡು
ದ್ವೀಪ ಮುದುರಿ ಕೂರುತ್ತದೆ.
ಎತ್ತರ ಎಂಬತ್ಮೂರು ಮೀಟರು,
ನೆತ್ತಿಯ ಕರ್ಪೂರದ ಮರ ಬಿಟ್ಟು.
ಗದ್ದೆಯಿಲ್ಲ. ಹೊಳೆಯಿಲ್ಲ. ಬಾವಿ ಎರಡು,
ಒಂದು ಉಪ್ಪು.
ಹಡಗು ವಾರಕ್ಕೆ ಮೂರು ಸಲ, ಗಾಳಿ ಒಪ್ಪಿದರೆ.

ಹಳೆಯ ನಕ್ಷೆ ತಿದ್ದಲು ಬಂದವನು ನಾನು.
ಮುಕ್ಕಾಲಿ ಹೊತ್ತು ಗುಡ್ಡ ಹತ್ತಿದೆ.
ಈ ಕಾಡಿಗೆ ಕೊಡಲಿ ಬಿದ್ದಿಲ್ಲ,
ಬಿದ್ದ ಎಲೆಯನ್ನೂ ಯಾರೂ ಒಯ್ಯುವುದಿಲ್ಲ;
ಕಾಲಿಟ್ಟಲ್ಲಿ ನೂರು ವರ್ಷದ ಮೆತ್ತೆ.
ಮೇಲೆ ಬಣ್ಣ ಬಿಟ್ಟ ಎರಡು ಕಂಬ, ಎರಡು ಅಡ್ಡತೊಲೆ.
ತೋರಿ ಎನ್ನುತ್ತೇವೆ, ಏನನ್ನೂ ತೋರದು,
ಕದವಿಲ್ಲದ ಬಾಗಿಲು.
ಹಿಂದೆ ಗುಡಿ. ಗುಡಿಯೊಳಗೆ
ಒಂದು ಪೊರಕೆ, ಒಂದು ಏಣಿ, ಇಲಿ ಕಡಿದ ಡೋಲು.
ದೇವರಿಲ್ಲ.

"ಅಲ್ಲೇಕೆ ಹುಡುಕಲು ಹೋದಿರಿ?" ಎಂದಳು ತೊಕಿಯೆ,
ಈಗಷ್ಟೇ ಮುಳುಗೆದ್ದ ಒದ್ದೆ ಕೂದಲಲ್ಲಿ
ಚಿಪ್ಪು ಬಿಡಿಸುತ್ತ. ಒಂದು ಕೆನ್ನೆ ಊದಿತ್ತು.
"ಈ ವರ್ಷ ಅವರು ನಮ್ಮಲ್ಲಿದ್ದಾರೆ."

ಅಕ್ಕಿ ಡಬ್ಬದ ಮೇಲಿನ ಗೂಡಿನಲ್ಲಿ
ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ.
ಯಾರೂ ಬಿಚ್ಚಿಲ್ಲ. ಬಟ್ಟೆ ಮಾಸಿದರೆ
ಅದರ ಮೇಲೇ ಇನ್ನೊಂದು ಸುತ್ತು.
ಅವಳಜ್ಜಿಯ ಕಾಲಕ್ಕೆ ಇಷ್ಟಿತ್ತಂತೆ:
ಎರಡು ಅಂಗೈ ನಡುವೆ
ಬೆಕ್ಕಿನ ಮರಿಯಷ್ಟು ಗಾಳಿ ಹಿಡಿದು ತೋರಿಸಿದಳು.
ಈಗ ಎತ್ತಲು ಇಬ್ಬರು ಬೇಕು.

ಮನೆಯಿಂದ ಮನೆಗೆ, ವರ್ಷಕ್ಕೊಂದು ಸರದಿ.
ನಲವತ್ತೆರಡು ಒಲೆ ಉರಿಯುತ್ತಿದ್ದಾಗ
ಆಯುಷ್ಯಕ್ಕೊಮ್ಮೆ ಬರುವ ನೆಂಟ;
ಅಜ್ಜಿ ಕೈ ನಡುಗಿ ನೈವೇದ್ಯದ ಸಾಕೆ ಚೆಲ್ಲಿದ್ದಳಂತೆ,
ಚಾಪೆಯ ಆ ಕಲೆಗೂ ನಮಸ್ಕರಿಸುತ್ತಿದ್ದರಂತೆ.
ಈಗ ಏಳೇ ಒಲೆ.
"ಇಷ್ಟು ಸಲ ಬಂದರೆ ನೆಂಟನೂ ಮನೆಯವನೇ.
ಬೈದದ್ದೂ ಇದೆ ನಾನು."
ನೆಂಟರ ಮೇಲೆ ಆಸೆ, ಅಕ್ಕಿಯ ಮೇಲೂ ಪ್ರೀತಿ:
ದಿನಕ್ಕೊಂದು ಹಿಡಿ ಅನ್ನ ಹಡಗಿಳಿದ ಚೀಲದ್ದು,
ತೋರಿಗೆ ಕಟ್ಟುವ ಹಗ್ಗದ ಹುಲ್ಲೂ
ಆಚೆ ದಡದ್ದು, ರಸೀತಿ ಸಮೇತ.

ಸರದಿಯ ವರ್ಷ ದ್ವೀಪ ಬಿಡುವಂತಿಲ್ಲ,
ಹೆರಿಗೆಗೂ, ಸಾವಿಗೂ, ಹಲ್ಲುನೋವಿಗೂ.
ಲವಂಗ ಕಚ್ಚಿಕೊಂಡು
ತೊಕಿಯೆ ಮೂರು ತಿಂಗಳಿಂದ ದಿನ ಎಣಿಸುತ್ತಿದ್ದಳು.

ಹನ್ನೊಂದನೇ ತಿಂಗಳು, ಚಂದ್ರನಿಲ್ಲದ ರಾತ್ರಿ.
ಎಲ್ಲ ಮನೆಯ ದೀಪ ಆರಿಸಿದರು.
ದೀಪಸ್ತಂಭ ಮಾತ್ರ ಸರ್ಕಾರದ್ದು, ಹೇಳಿದ್ದು ಕೇಳದು;
ಹದಿನೈದು ಸೆಕೆಂಡಿಗೊಮ್ಮೆ ಬೆಳಕು ಬೀಸಿದಾಗ
ಎಲ್ಲರೂ ಗೋಡೆಗೆ ಮುಖ ಮಾಡಿದರು,
ಸ್ನಾನದ ಮನೆ ಬಾಗಿಲು ಅಚಾನಕ ತೆರೆದಂತೆ.
ಮೊರಿಹಿಸನ ಸೊಂಟ ಹಿಡಿದಿತ್ತು.
ನನ್ನ ಬಾಯಿಗೊಂದು ಎಲೆ ಕಚ್ಚಿಸಿ
ಹೊರಲು ಕರೆದರು: ಉಸಿರು ತಾಗಬಾರದು,
ಮಾತಂತೂ ಕೂಡದು.

ಇಸೊಜಿಯ ಹೊಸ್ತಿಲಿಗೆ ಇನ್ನೂರ ಹನ್ನೆರಡು ಹೆಜ್ಜೆ.
ಎಣಿಸಬಾರದಿತ್ತು. ಎಣಿಸಿದೆ.
ಹದಿನೆಂಟು ಕಿಲೋ ಇರಬಹುದು,
ಹೆಚ್ಚಿನದು ಬಟ್ಟೆ.
ಆದರೂ ನಡುದಾರಿಯಲ್ಲಿ, ಉಪ್ಪುಬಾವಿಯ ಹತ್ತಿರ,
ಒಳಗೇನೋ ಮಗ್ಗುಲು ಬದಲಿಸಿದಂತಾಯಿತು.
ಇಳಿಜಾರು ಅಲ್ಲಿ ನಾಲ್ಕು ಡಿಗ್ರಿ. ಅದೇ ಇರಬೇಕು.

ಬೆಳಗಿನ ಹಡಗಿಗೆ ತೊಕಿಯೆಯೂ ಹತ್ತಿದಳು,
ಶಾಲು ಕೆನ್ನೆಗೆ ಕಟ್ಟಿಕೊಂಡು.
"ಗುಡಿಯ ಗುರುತು ಎಲ್ಲಿ ಹಾಕಿದಿರಿ?"
ಗುಡ್ಡದ ಮೇಲೆ, ಎಂದೆ, ತಲೆ ತಗ್ಗಿಸಿ.
"ಹಾಕಿ, ಹಾಕಿ. ಏಣಿ ಅಲ್ಲೇ ಇದೆಯಲ್ಲ."
ಆಮೇಲೆ ಬಾಯಿ ಅಗಲಿಸಿ, ಬೆರಳಿಟ್ಟು ತೋರಿಸಿದಳು,
ತೀರಾ ಹಿಂದೆ, ಇಳಿತದಲ್ಲಷ್ಟೇ ತಲೆಯೆತ್ತುವ,
ನನ್ನ ನಕ್ಷೆಗಿನ್ನೂ ಹತ್ತದ ಕಪ್ಪು ಬಂಡೆ.